ಬ್ಯಾಂಡ್ ಕ್ಯಾಂಪಿನ ಸಾಮಾನು ಪಟ್ಟಿ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಅಮೆರಿಕದ ಹೈಸ್ಕೂಲಿನಲ್ಲಿ ಮಗಳೋ ಮಗನೋ ಮಾರ್ಚಿಂಗ್ ಬ್ಯಾಂಡ್ (ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ವಾದ್ಯ ನುಡಿಸುತ್ತಾ ಸಾಲುಗಟ್ಟಿ ನಡೆಯುವ ತಂಡ) ಸೇರಿದರೆ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ, ಶಾಲೆ ಶುರುವಾಗುವ ಮುಂಚೆಯೇ, ಬ್ಯಾಂಡ್ ಕ್ಯಾಂಪ್ ಇರುತ್ತದೆ. ಒಂದೆರಡು ವಾರ, ಬೆಳಿಗ್ಗೆಯಿಂದ ಸಂಜೆವರೆಗೆ, ಹೆಚ್ಚು ಹೊತ್ತು ಬಿಸಿಲಿನಲ್ಲೇ. ಅದಕ್ಕೂ ಮೊದಲು ಮನೆಗೆ ಸಾಮಾನಿನ ಪಟ್ಟಿ ಬರುತ್ತದೆ. ಡಾಲಸ್ಸಿನಲ್ಲಾಗಲಿ, ನ್ಯೂಜೆರ್ಸಿಯಲ್ಲಾಗಲಿ, ನಮ್ಮವರು ಅದನ್ನು ನೋಡಿ ಹೊಸ ವಾದ್ಯದ ಬೆಲೆ ವಿಚಾರಿಸಲು ಓಡುತ್ತಾರೆ. ಶೂ ಮಾತ್ರ ಇದ್ದದ್ದೇ ಸಾಕು ಅನ್ನುತ್ತಾರೆ. ಆಗಬೇಕಾದ್ದು ಉಲ್ಟಾ. ಕ್ಯಾಂಪಿನಲ್ಲಿ ಮೊದಲು ಕಲಿಸುವುದು ನುಡಿಸುವುದನ್ನಲ್ಲ, ನಡೆಯುವುದನ್ನು.

ಹಾಗಾಗಿ ಮೊದಲು ಶೂ. ಬ್ಯಾಂಡಿನ ಮೂಲ ಅಳತೆ 5 ಗಜಕ್ಕೆ 8 ಹೆಜ್ಜೆ, ಅಂದರೆ ಹೆಜ್ಜೆಗೆ 22.5 ಇಂಚು, ಸುಮಾರು 57 ಸೆಂಟಿಮೀಟರ್. ಬಹಳಷ್ಟು ಬ್ಯಾಂಡುಗಳಲ್ಲಿ ಮುಂದೆ ನಡೆಯುವಾಗ ಕಾಲ್ಬೆರಳು ಮೇಲೆತ್ತಿ, ಹಿಮ್ಮಡಿ ಊರಿ, ಪಾದವನ್ನು ನಿಧಾನವಾಗಿ ನೆಲಕ್ಕೆ ಇಳಿಸುತ್ತಾರೆ. ಹಿಂದಕ್ಕೆ ಹೋಗುವಾಗ ಹಿಮ್ಮಡಿ ನೆಲಕ್ಕೆ ತಾಗುವಂತಿಲ್ಲ, ಪೂರಾ ಮುಂಗಾಲಿನ ಮೇಲೇ. ಈಗ ಎಲ್ಲೆಲ್ಲೂ ಸಿಗುವ ದಪ್ಪ, ಮೆತ್ತನೆ ಅಟ್ಟೆಯ ರನ್ನಿಂಗ್ ಶೂ ಇದಕ್ಕೆ ಆಗಿಬರುವುದಿಲ್ಲ. ಹಿಮ್ಮಡಿ ಮೆತ್ತೆಯೊಳಗೆ ಹುದುಗಿ ಪಾದ ಪಕ್ಕಕ್ಕೆ ವಾಲುತ್ತದೆ, ಮೈ ಕುಲುಕುತ್ತದೆ, ಕುಲುಕಿದ ಕಡೆ ಊದುವ ಸ್ವರವೂ ನಡುಗುತ್ತದೆ. ತೆಳು ಅಟ್ಟೆಯ, ಮುಂಗಾಲಲ್ಲಿ ಸುಲಭವಾಗಿ ಬಾಗುವ ಕ್ರಾಸ್ ಟ್ರೇನರ್ ಶೂ ತೆಗೆದುಕೊಳ್ಳಿ. ಕ್ಯಾಂಪಿಗೆ ಎರಡು ವಾರ ಮುಂಚೆಯೇ ತಂದು ಹಾಕಿಸಿ. ಹೊಚ್ಚಹೊಸ ಶೂ ಮೊದಲ ದಿನವೇ ಕಾಲಿನಲ್ಲಿ ನೀರ್ಗುಳ್ಳೆ ಎಬ್ಬಿಸುತ್ತದೆ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಇರುವುದರಿಂದ ಅದೂ ಬೇಡ. ಸಿಂಥೆಟಿಕ್ ಅಥವಾ ಉಣ್ಣೆ ಬೆರೆತದ್ದು ದಿನಕ್ಕೆ ಎರಡು ಜೊತೆ ಇರಲಿ, ಮಧ್ಯಾಹ್ನ ಬದಲಾಯಿಸಲಿಕ್ಕೆ. ಬೆರಳೆತ್ತಿ ನಡೆಯುವುದರಿಂದ ಮೊದಲ ದಿನಗಳಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದ ಸ್ನಾಯು ನೋಯುತ್ತದೆ. ಅದು ಅಭ್ಯಾಸದ ನೋವು, ಶೂ ತಪ್ಪಲ್ಲ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿದರೆ ಚುಚ್ಚುವಂತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಡಿಂಕಲ್ಸ್‌ನಂಥ ಕಪ್ಪು ಮಾರ್ಚಿಂಗ್ ಶೂಗಳನ್ನು ಅಂತರ್ಜಾಲದಲ್ಲಿ ನೀವೇ ತರಿಸಬೇಡಿ. ಅವು ಪ್ರದರ್ಶನಕ್ಕೆ. ಇಡೀ ಬ್ಯಾಂಡಿಗೆ ಒಂದೇ ಮಾದರಿ ಬೇಕಾದ್ದರಿಂದ ಶಾಲೆಯೇ ಅಳತೆ ತೆಗೆದುಕೊಂಡು ಒಟ್ಟಿಗೆ ತರಿಸುವುದೇ ರೂಢಿ.

ಮುಂದಿನದು ಡಾಟ್ ಬುಕ್, ಮೈದಾನದಲ್ಲಿ ತಾನು ನಿಲ್ಲಬೇಕಾದ ಜಾಗಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕ. ಪಟ್ಟಿಯಲ್ಲಿ ಅತ್ಯಂತ ಅಗ್ಗದ್ದು ಇದೇ, ಅತ್ಯಂತ ಕೆಲಸಕ್ಕೆ ಬರುವುದೂ ಇದೇ. ಮೈದಾನದಲ್ಲಿ ಪ್ರತಿ ಮಗುವಿಗೂ ತನ್ನದೇ ಜಾಗಗಳಿರುತ್ತವೆ, ಒಂದೊಂದಕ್ಕೂ (ಅದನ್ನು ಸೆಟ್ ಎನ್ನುತ್ತಾರೆ) ನಂಬರು, ಅಲ್ಲಿಗೆ ತಲುಪಲು ಎಣಿಕೆ. ಮುದ್ರಿತ ಹಾಳೆಯಲ್ಲಿ ಅದು ಹೀಗಿರುತ್ತದೆ: ಸೈಡ್ 1, 35 ಗಜದ ಗೆರೆಗಿಂತ 3 ಹೆಜ್ಜೆ ಒಳಗೆ, ಮುಂದಿನ ಹ್ಯಾಶಿಗಿಂತ (ಮೈದಾನದ ಉದ್ದಕ್ಕೂ ಇರುವ ಎರಡು ಸಾಲು ಗುರುತುಗಳಲ್ಲಿ ಪ್ರೇಕ್ಷಕರ ಕಡೆಯದು) 4 ಹೆಜ್ಜೆ ಹಿಂದೆ. ಹೊಸಬರು ಎಡವುವುದು ಎರಡು ಕಡೆ. 'ಒಳಗೆ' ಅಂದರೆ ಯಾವಾಗಲೂ ಮೈದಾನದ ನಡುವಿನ 50ರ ಗೆರೆಯ ಕಡೆಗೆ, ತಾನು ಮುಖ ಮಾಡಿದ ಕಡೆಗಲ್ಲ. ಸೈಡ್ 1 ನೋಡುವವರ ಎಡಗಡೆ. ಪ್ರೇಕ್ಷಕರತ್ತ ತಿರುಗಿ ನಿಂತ ಮಗುವಿಗೆ ಅದು ಬಲಗಡೆ. ಈ ಎರಡನ್ನು ಊಟದ ಟೇಬಲ್ಲಿನ ಮೇಲೆ ಕಾಳು ಇಟ್ಟು ಮುಂಚೆಯೇ ಕಲಿಸಬಹುದು. ಹೈಸ್ಕೂಲ್ ಫುಟ್‌ಬಾಲ್ ಮೈದಾನದಲ್ಲಿ ಹ್ಯಾಶ್ ಗುರುತು ಅಂಚಿನಿಂದ 53 ಅಡಿ 4 ಇಂಚು ಒಳಗಿದ್ದು, ಬ್ಯಾಂಡಿನವರು ಅದನ್ನು 28 ಹೆಜ್ಜೆ ಎಂದೇ ಎಣಿಸುತ್ತಾರೆ. ಕಾಲೇಜು ಮೈದಾನದಲ್ಲಿ 60 ಅಡಿ, ಸರಿಯಾಗಿ 32 ಹೆಜ್ಜೆ. ಕಾಲೇಜು ಸ್ಟೇಡಿಯಮ್ಮಿನಲ್ಲಿ ಸ್ಪರ್ಧೆಯಿದ್ದರೆ ಬರೀ ಹ್ಯಾಶ್ ನೋಡಿ ನಿಲ್ಲುವ ಮಗು ನಾಲ್ಕು ಹೆಜ್ಜೆ ಆಚೆ ನಿಂತಿರುತ್ತದೆ.

ಇದಕ್ಕೆ ಈಗ ಯುಡಿಬಿ (ಅಲ್ಟಿಮೇಟ್ ಡ್ರಿಲ್ ಬುಕ್) ಆ್ಯಪ್ ಇದೆ. ತನ್ನ ಚುಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪಕ್ಕದಲ್ಲಿ ಯಾರು ಹಾಯುತ್ತಾರೆ ಎಂದು ಚಲಿಸುವ ಚಿತ್ರದಲ್ಲಿ ತೋರಿಸುತ್ತದೆ. ರಾತ್ರಿ ಮನೆಯಲ್ಲಿ ಕೂತು ಮರುದಿನದ ಸೆಟ್ ನೋಡಲಿಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೈದಾನದಲ್ಲಿ ಮಾತ್ರ ಅಷ್ಟಕ್ಕಷ್ಟೆ: ಬಿಸಿಲಿಗೆ ಫೋನ್ ಕಾದು ತಾನೇ ಆರಿಹೋಗುತ್ತದೆ, ಪರದೆ ಕಾಣುವುದಿಲ್ಲ, ಎರಡೂ ಕೈಯಲ್ಲಿ ವಾದ್ಯ. ಅಲ್ಲಿಗೆ ಸ್ಪೈರಲ್ ಹಾಕಿದ 3x5 ಇಂಚಿನ ಕಾರ್ಡುಗಳೇ ಸರಿ, ದಾರ ಪೋಣಿಸಿ ಹೆಗಲಿಗೆ ನೇತುಹಾಕಿ. ಕಾರ್ಡಿಗೊಂದು ಸೆಟ್: ನಂಬರು, ಎಣಿಕೆ, ಎಡಬಲದ ಲೆಕ್ಕ, ಹಿಂದುಮುಂದಿನ ಲೆಕ್ಕ, ದಿಕ್ಕಿಗೊಂದು ಬಾಣ. ಪೆನ್ಸಿಲ್ಲಿನಲ್ಲೇ ಬರೆಯಬೇಕು. ಇಂಕು ಬೆವರಿಗೆ ಕಲಸಿಹೋಗುತ್ತದೆ. ಜೊತೆಗೆ ಡ್ರಿಲ್, ಅಂದರೆ ನಡಿಗೆಯ ವಿನ್ಯಾಸ, ವಾರದೊಳಗೆ ಬದಲಾಗುವುದು ಗ್ಯಾರಂಟಿ. ಎರಡು ಜಾಗಗಳ ನಡುವಿನ ಅರ್ಧದಾರಿಯನ್ನೂ ಬರೆದಿಟ್ಟುಕೊಂಡ ಮಗು ಬೇಗ ಹಿಡಿಯುತ್ತದೆ, ಏಕೆಂದರೆ ಸಾಲು ಕೆಡುವುದು ಕೊನೆಯಲ್ಲಲ್ಲ, ನಡುವೆ.

ನೀರಿನ ಜಗ್ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಎಂದು ಪಟ್ಟಿಯಲ್ಲಿರುತ್ತದೆ. ಅಷ್ಟು ದೊಡ್ಡದು ಬೇಕೇ ಅನ್ನಿಸಬಹುದು, ಬೇಕು. ಕಪ್ಪು ರಬ್ಬರ್ ಕಣ ತುಂಬಿದ ಟರ್ಫ್ (ಕೃತಕ ಹುಲ್ಲು) ಮೈದಾನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಸ್ಟೀಲಿನ ದುಬಾರಿ ಬ್ರ್ಯಾಂಡ್ ಬೇಡ, ತುಂಬಿದರೆ ಹೊರುವುದೇ ಕಷ್ಟ. ಇಗ್ಲೂ, ಕೋಲ್ಮನ್‌ನಂಥ ಪ್ಲಾಸ್ಟಿಕ್ ಜಗ್ ಸಾಕು, ಐಸ್ ಹಾಕುವಷ್ಟು ಬಾಯಿ ಅಗಲವಿರಲಿ. ಸ್ಟ್ರಾ ಇರುವ ಮುಚ್ಚಳ ಬೇಡವೇ ಬೇಡ; ಬಿಚ್ಚಿ ತೊಳೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ದಿನವಿಡೀ ಬೆವರಿ ಬರೀ ನೀರನ್ನೇ ಕುಡಿದರೆ ಮೈಯ ಉಪ್ಪು ತೆಳುವಾಗುತ್ತದೆ, ಹಾಗಾಗಿ ಊಟದ ಜೊತೆ ಉಪ್ಪಿನ ಅಂಶವೂ ಇರಬೇಕು.

ವಾದ್ಯದ ವಿಷಯ ಚಿಕ್ಕದು. ಮರದ ಕ್ಲಾರಿನೆಟ್ ಮನೆಯಲ್ಲೇ ಇರಲಿ, ಬಿಸಿಲು ಮಳೆಗೆ ಬಿರುಕು ಬಿಡುತ್ತದೆ. ಯಮಾಹಾ 255ರಂಥ ಪ್ಲಾಸ್ಟಿಕ್ಕಿನದು ಸಾಕು. ಓಬೋ, ಬಸೂನ್ ಸಾಮಾನ್ಯವಾಗಿ ಮೈದಾನಕ್ಕೆ ಇಳಿಯುವುದಿಲ್ಲ. ಫ್ರೆಂಚ್ ಹಾರ್ನ್ ನುಡಿಸುವವರಿಗೆ ಅದರ ಬದಲು ಮೆಲೊಫೋನ್ (ಬಾಯಿ ಮುಂದಕ್ಕಿರುವ ಹಿತ್ತಾಳೆ ವಾದ್ಯ) ಕೊಡುತ್ತಾರೆ, ಹೆಚ್ಚಾಗಿ ಶಾಲೆಯದೇ. ಕೊಳ್ಳುವ ಮೊದಲು ಕೇಳಿ. ಲೈರ್ (ವಾದ್ಯಕ್ಕೆ ಸ್ವರದ ಹಾಳೆ ಸಿಕ್ಕಿಸುವ ಕ್ಲಿಪ್), ಫ್ಲಿಪ್ ಫೋಲ್ಡರ್ (ಆ ಹಾಳೆಗಳ ಪುಟ್ಟ ಫೋಲ್ಡರ್) ಕೂಡ ಹಾಗೆಯೇ: ಪ್ರದರ್ಶನದ ಸಂಗೀತ ಬಾಯಿಪಾಠ ಮಾಡಿಸುವ ಬ್ಯಾಂಡಿನಲ್ಲಿ ಅವು ಫುಟ್‌ಬಾಲ್ ಪಂದ್ಯದ ಗ್ಯಾಲರಿಯಲ್ಲಷ್ಟೇ ಬೇಕಾಗುತ್ತವೆ. ಡ್ರಮ್ಮಿನ ಸಾಲಿಗೆ ಸೇರಿದವರಿಗೆ ಕಿವಿಗೆ ಎಟಿಮೋಟಿಕ್ ಮಾದರಿಯ ಪ್ಲಗ್ ಕಡ್ಡಾಯ ಎಂದೇ ತಿಳಿಯಿರಿ. ಫೋಮಿನದು ಎತ್ತರದ ಸ್ವರಗಳನ್ನೇ ಹೆಚ್ಚು ಮುಚ್ಚಿಬಿಡುವುದರಿಂದ ಮಕ್ಕಳು ಕಿತ್ತೆಸೆಯುತ್ತಾರೆ. ಎಟಿಮೋಟಿಕ್ ಮಾದರಿಯದು ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ.

ಸನ್‌ಸ್ಕ್ರೀನ್ 'ನಮ್ಮ ಬಣ್ಣಕ್ಕೆ ಯಾಕೆ' ಎನ್ನುವ ಮಾತು ಬಿಡಿ. 30 ಎಸ್‌ಪಿಎಫ್, ಎರಡು ಗಂಟೆಗೊಮ್ಮೆ, ಹಚ್ಚಿದ ಮೇಲೆ ಅಂಗೈ ಒರೆಸಿಯೇ ವಾದ್ಯ ಮುಟ್ಟಬೇಕು.

ಬ್ಯಾಂಡಿನ ಶುಲ್ಕ ಊರಿಂದೂರಿಗೆ ಬೇರೆ, ಕೆಲವು ಕಡೆ ಸಾವಿರ ಡಾಲರ್ ದಾಟುತ್ತದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡುವಂತಿಲ್ಲ. ಅಲ್ಲಿ ಕೇಳುವುದು ದೇಣಿಗೆ, ಕೊಡದಿದ್ದರೂ ಮಗುವನ್ನು ಹೊರಗಿಡುವಂತಿಲ್ಲ.

ಕೊನೆಗೆ ಊಟ. ಕ್ಯಾಂಪಿನಲ್ಲಿ ಕೊಡುವುದು ಸಾಮಾನ್ಯವಾಗಿ ಪಿಜ್ಜಾ, ಹಾಟ್ ಡಾಗ್. ಬೆಳಿಗ್ಗೆ ಹಾಲು, ಮೊಸರು ಬೇಡ ಎಂದು ಹಲವು ಬ್ಯಾಂಡ್ ಶಿಕ್ಷಕರು ಹೇಳುತ್ತಾರೆ, ಹೊಟ್ಟೆ ತೊಳಸುತ್ತದೆಂದು. ಅದನ್ನು ಕೇಳಿ, ಮೊದಲ ತಾಸಿನಲ್ಲೇ ಓಟ, ಬಸ್ಕಿ ಇರುತ್ತದೆ. ಇಡ್ಲಿ ಒಳ್ಳೆಯದು. ಮಧ್ಯಾಹ್ನಕ್ಕೆ ಚಿತ್ರಾನ್ನ ಅಥವಾ ಚಪಾತಿ ರೋಲ್, ಬಿಸಿ ಮಾಡದೆ ತಿನ್ನುವಂಥದ್ದು. ಇಡೀ ಬ್ಯಾಂಡಿಗೆ ಇರುವುದು ಒಂದೋ ಎರಡೋ ಮೈಕ್ರೋವೇವ್. ಮೊಸರನ್ನ ಕಳಿಸುವುದಾದರೆ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ, ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಿ. ಅದೇ ಚೀಲದಲ್ಲಿ ಎರಡನೆಯ ಜೊತೆ ಕಾಲುಚೀಲ ತುರುಕಬೇಡಿ, ಅದಕ್ಕೆ ಬೇರೆ ಕವರ್ ಇರಲಿ.