ಪರದೆಯ ಮೇಲೆ ಹರಿಯುವ ರಸ: ಸ್ಕಾಡಾ ಪೈಪ್ ಆ್ಯನಿಮೇಷನ್ ಜೊತೆ ಮೂರು ಹಂಗಾಮು

ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ರಸ ಕಾಯಿಸಿ ಸಕ್ಕರೆ ಮಾಡುವ ಬಾಯ್ಲಿಂಗ್ ಹೌಸಿನ ಸ್ಕಾಡಾ (ಪಂಪು, ಟ್ಯಾಂಕುಗಳನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಿ ನಡೆಸುವ ತಂತ್ರಾಂಶ) ಬದಲಾಯಿಸಿ ಮೂರು ಹಂಗಾಮು ಆಯಿತು. ಟ್ರೆಂಡ್, ಅಲಾರ್ಮ್, ರಿಪೋರ್ಟ್ ಎಲ್ಲ ಸರಿಯಾಗಿವೆ. ಅವುಗಳ ವಿವರ ಕ್ಯಾಟಲಾಗಿನಲ್ಲಿ ಸಿಗುತ್ತದೆ, ನಾನು ಮತ್ತೆ ಬರೆಯಬೇಕಿಲ್ಲ. ನನಗೆ ಹೇಳಬೇಕಾಗಿರುವುದು ಅದರ ಪೈಪಿನ ವಿಷಯ. ಲೈಬ್ರರಿಯಿಂದ ಎಳೆದು ತಂದು ಪರದೆಗೆ ಹಾಕಿದರೆ ಒಳಗೆ ಸಣ್ಣ ಗೆರೆಗಳು ಸಾಲಾಗಿ ಓಡುತ್ತವಲ್ಲ, ಆ ಪೈಪು.

ಮೊದಲ ವರ್ಷ ಅದನ್ನು ಕಂಡರೆ ನನಗೆ ಬಲು ಪ್ರೀತಿ. ನಮ್ಮಲ್ಲಿ ಪಾಳಿ ಬದಲಾಗುವುದು ಬೆಳಗಿನ ನಾಲ್ಕಕ್ಕೆ. ಕಂಟ್ರೋಲ್ ರೂಮಿಗೆ ಬಂದವನೇ ಮಾನಿಟರ್ ಮೇಲಿನ ಬೂದಿ ಒರೆಸಿ, ಚಹಾ ಲೋಟ ಕೀಬೋರ್ಡಿನಿಂದ ದೂರ ಇಟ್ಟು, ಮಿಲ್ಲಿನಿಂದ ಬರುವ ಮಿಕ್ಸ್ ಜ್ಯೂಸಿನ ಮೇಲೆ ಬೆರಳಿಡುತ್ತಿದ್ದೆ. ಅಲ್ಲಿಂದ ಮೊದಲ ಹೀಟರು, ಸುಣ್ಣದ ಹಾಲು ಮತ್ತು ಗಂಧಕದ ಹೊಗೆ ಸೇರುವ ಟ್ಯಾಂಕು, ರಸ ನೂರು ಡಿಗ್ರಿ ದಾಟುವ ಎರಡನೇ ಹೀಟರು, ಕೊಳೆ ತಳ ಸೇರುವ ಕ್ಲಾರಿಫೈಯರು, ತಿಳಿ ರಸದ ಟ್ಯಾಂಕು, ರಸದ ನೀರು ಇಂಗಿಸುವ ಇವ್ಯಾಪರೇಟರು. ಸುಮಾರು 15 ಬ್ರಿಕ್ಸ್ (ನೂರು ಭಾಗದಲ್ಲಿ ಕರಗಿರುವ ಸಕ್ಕರೆಯಂಥ ಘನಾಂಶ) ಇದ್ದ ರಸ 60ರ ಪಾಕವಾಗಿ ಹೊರಬೀಳುವವರೆಗೆ ಬೆರಳು ಹಿಂದೆ ಹಿಂದೆ ಹೋಗುತ್ತಿತ್ತು. ಸುಣ್ಣದ ಹಾಲಿಗೆ ಬಿಳಿ ಗೆರೆ, ತಿಳಿ ರಸಕ್ಕೆ ಹೊಂಬಣ್ಣ, ಪಾಕಕ್ಕೆ ಕೆಂಗಂದು. ಹಳೆಯ ಪರದೆಯ ಸತ್ತ ಗೆರೆಗಳನ್ನು ಹನ್ನೊಂದು ವರ್ಷ ನೋಡಿದ್ದ ನನಗೆ ಕಾರ್ಖಾನೆ ಉಸಿರಾಡುವುದೇ ಕಂಡಂತಾಗುತ್ತಿತ್ತು.

ಎರಡನೇ ಹಂಗಾಮಿನ ಜನವರಿಯಲ್ಲಿ ಒಂದು ರಾತ್ರಿ ತಿಳಿ ರಸದ ಪಂಪಿನ ಕಪ್ಲಿಂಗ್ ಕೀ ತುಂಡಾಯಿತು. ಮೋಟಾರು ತಿರುಗುತ್ತಿತ್ತು, ಪಂಪು ತಿರುಗುತ್ತಿರಲಿಲ್ಲ. ಪರದೆಯಲ್ಲಿ ಹೊಂಬಣ್ಣದ ಗೆರೆಗಳು ಒಂದೇ ಸಮ ಓಡುತ್ತಲೇ ಇದ್ದವು. ಟ್ಯಾಂಕಿನ ಲೆವೆಲ್ ಅಲಾರ್ಮ್ ಬಂತು. ಹಬೆ ಕವಿದಾಗ ಆ ಲೆವೆಲ್ ಸುಳ್ಳು ತೋರಿಸುವುದು ಎಲ್ಲರಿಗೂ ಗೊತ್ತಿದ್ದ ಮಾತು, ಹಾಗಾಗಿ ಯಾರೂ ಏಳಲಿಲ್ಲ. ಕೆಳಗೆ ಹೋಗಿ ನೋಡುವಷ್ಟರಲ್ಲಿ ರಸ ಉಕ್ಕಿ ಗಟಾರ ಸೇರುತ್ತಿತ್ತು. ಪಾಳಿಯಲ್ಲಿದ್ದ ಹಿರಿಯ ಆಪರೇಟರ್‌ಗೆ ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಹೇಳಿದ್ದು ಇಷ್ಟೇ: "ಪೈಪ್ ಓಡಾಕತ್ತಿತ್ತಲ್ರೀ ಸರ. ನಾ ಅದನ್ನ ನೋಡ್ಕೊಂಡ ಕುಂತಿದ್ದೆ."

ಕಾಕಾನ ತಪ್ಪು ಇದರಲ್ಲಿ ಏನೂ ಇಲ್ಲ. ಅವರಿಗೆ ಆ ಪರದೆ ಕೊಟ್ಟವನು ನಾನು. ಲೈಬ್ರರಿಯ ಪೈಪಿಗೆ ಇರುವುದು ಒಂದೇ ಇನ್‌ಪುಟ್: ಓಡು ಅಥವಾ ನಿಲ್ಲು. ತರಬೇತಿಗೆ ಬಂದವರು ಅದನ್ನು 'ಪಂಪು ಓಡುತ್ತಿದೆ' ಎಂಬ ಸಂಕೇತಕ್ಕೆ, ಅಂದರೆ ಪಂಪಿನ ರನ್ ಫೀಡ್‌ಬ್ಯಾಕ್‌ಗೆ ಕಟ್ಟಿ ತೋರಿಸಿದರು, ನಾನೂ ಹಾಗೇ ಕಟ್ಟಿದೆ. ಆ ಫೀಡ್‌ಬ್ಯಾಕ್ ಬರುವುದು ಮೋಟಾರಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ಪ್ಯಾನೆಲ್ಲಿನ ಕಾಂಟ್ಯಾಕ್ಟರಿನಿಂದ. ಕಾಂಟ್ಯಾಕ್ಟರ್ ಮುಚ್ಚಿದೆ ಎನ್ನುವುದು ಬಿಟ್ಟರೆ ರಸದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದೇ ಲೈನಿನಲ್ಲಿ ಮ್ಯಾಗ್ನೆಟಿಕ್ ಫ್ಲೋಮೀಟರ್ ಇತ್ತು, ಆ ರಾತ್ರಿ ಸೊನ್ನೆಯನ್ನೇ ತೋರಿಸುತ್ತಿತ್ತು. ಆದರೆ ಆ ಅಂಕಿ ಇದ್ದದ್ದು ಇವ್ಯಾಪರೇಟರಿನ ಪರದೆಯಲ್ಲಿ.

ಮರುದಿನ ಇನ್ನೊಂದು ಪರೀಕ್ಷೆ ಮಾಡಿದೆ. ಪಂಪು, ಮೀಟರುಗಳ ಸಂಕೇತ ಓದಿ ಪರದೆಗೆ ಕಳಿಸುವ ಕಂಟ್ರೋಲರ್ ಆದ ಪಿಎಲ್‌ಸಿಯ ನೆಟ್‌ವರ್ಕ್ ಕೇಬಲ್ ಕಿತ್ತೆ. ಅಂಕಿಗಳು ಮಸುಕಾದವು, ಗೆರೆಗಳು ಮಾತ್ರ ಓಡುತ್ತಲೇ ಇದ್ದವು. ಕೊನೆಯದಾಗಿ ಸಿಕ್ಕ 'ಓಡು' ಎಂಬ ಸಂಕೇತವನ್ನು ಹಿಡಿದುಕೊಂಡು ಆ ಪೈಪು ಬೆಳತನಕ ಓಡುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯಲ್ಲಿ ಟವರ್ ತುಂಬಿ ಉಕ್ಕಿ, ಸ್ಫೋಟವಾಗಿ 15 ಜನ ಸತ್ತರು. ಟವರಿಗೆ ಒಳಗೆ ಹೋಗುವ ಹರಿವು ಒಂದು ಪರದೆಯಲ್ಲಿ, ಹೊರಗೆ ಬರುವುದು ಇನ್ನೊಂದರಲ್ಲಿ ಇತ್ತು ಎಂದು ಅಲ್ಲಿನ ತನಿಖಾ ವರದಿ ಬರೆದಿದೆ. ನಮ್ಮಲ್ಲಿ ಹೋದದ್ದು ರಸ ಮಾತ್ರ. ಪರದೆಯ ತಪ್ಪು ಮಾತ್ರ ಅದೇ ಜಾತಿಯದು.

ತಂತ್ರಾಂಶ ಕೊಟ್ಟ ಕಂಪನಿಗೆ ಬರೆದೆ. ಹೊಸ ಆವೃತ್ತಿಗೆ ದುಡ್ಡು ಕೇಳಿದರು. ಹಂಗಾಮು ನಡೆಯುವಾಗ ನಮ್ಮಲ್ಲಿ ಬೇರಿಂಗಿಗೇ ಹಣ ಹೊಂದಿಸುವುದು ಕಷ್ಟ. ಲೈಸೆನ್ಸ್ ಟ್ಯಾಗಿನ (ಪರದೆಗೆ ಬರುವ ಒಂದೊಂದು ಸಂಕೇತದ) ಲೆಕ್ಕದ್ದು, ಉಳಿದಿದ್ದ ಟ್ಯಾಗುಗಳೂ ಕಡಿಮೆ. ಆದ್ದರಿಂದ ಪಿಎಲ್‌ಸಿಯಲ್ಲೇ ಮೀಟರ್ ಇರುವ ಪ್ರತಿ ಪೈಪಿಗೆ ಒಂದು ಅಂಕಿ ಮಾಡಿಕೊಂಡೆ. ಸೊನ್ನೆ ಅಂದರೆ ನಿಂತಿದೆ. ಒಂದು ಅಂದರೆ ಮೀಟರ್ ಹರಿವು ತೋರಿಸುತ್ತಿದೆ. ಎರಡು ಅಂದರೆ ಪಂಪು ಓಡುತ್ತಿದೆ, ಹರಿವಿಲ್ಲ. ಮೂರು ಅಂದರೆ ಗೊತ್ತಿಲ್ಲ: ಮೀಟರಿನ ಕರೆಂಟು 3.6 ಮಿಲಿ ಆಂಪಿಯರ್‌ಗಿಂತ ಕೆಳಗಿಳಿದಿದೆ, ಅಂದರೆ ಮೀಟರೋ ಅದರ ತಂತಿಯೋ ಕೆಟ್ಟಿದೆ. ಜೊತೆಗೆ ಪಿಎಲ್‌ಸಿಯಿಂದ ಪ್ರತಿ ಸೆಕೆಂಡಿಗೆ ಬದಲಾಗುವ ಎಣಿಕೆಯೊಂದು ಬರುವಂತೆ ಮಾಡಿದೆ. ಅದು ನಿಂತರೆ ಸಂಪರ್ಕ ಹೋಗಿದೆ ಎಂದು ಪರದೆಯೇ ಎಲ್ಲ ಪೈಪನ್ನೂ ಮೂರಕ್ಕೆ ತರುತ್ತದೆ. ಎರಡು ಬಂದರೆ ಗೆರೆ ನಿಂತು ಪೈಪು ಕಿತ್ತಳೆಯಾಗುತ್ತದೆ, ಮೂರು ಬಂದರೆ ಅಡ್ಡಗೆರೆ ಬೀಳುತ್ತದೆ. ಟ್ಯಾಂಕಿನ ಎಡಬಲಕ್ಕೆ ಒಳಹರಿವು, ಹೊರಹರಿವಿನ ಅಂಕಿ ದಪ್ಪಗೆ ಕೂತಿವೆ.

ಹರಿವು ಹೆಚ್ಚಿದರೆ ಗೆರೆ ಜೋರಾಗಿ ಓಡಲಿ ಎಂಬ ಆಸೆಗೆ ಒಂದು ವಾರ ಕಳೆದೆ. ಗೆರೆ ಮತ್ತು ಖಾಲಿ ಜಾಗ ಸೇರಿ 16 ಪಿಕ್ಸೆಲ್, ಪರದೆ ಹೊಸದಾಗುವುದು ಅರ್ಧ ಸೆಕೆಂಡಿಗೊಮ್ಮೆ. ಒಂದು ಸಲಕ್ಕೆ 4 ಪಿಕ್ಸೆಲ್ ಸರಿಸಿದರೆ ಚೆನ್ನಾಗಿ ಮುಂದೆ ಹೋಗುತ್ತದೆ. 12 ಸರಿಸಿದರೆ ಕಣ್ಣಿಗೆ ಅದು 4 ಹಿಂದೆ ಸರಿದಂತೆ ಕಾಣುತ್ತದೆ. ಹರಿವು ಏರಿದ ಕೂಡಲೇ ರಸ ಇವ್ಯಾಪರೇಟರಿನಿಂದ ಟ್ಯಾಂಕಿಗೆ ವಾಪಸು ಬರುತ್ತಿತ್ತು! ಜೋರಿನ ಆಸೆ ಬಿಟ್ಟೆ. ಈಗ ಎಲ್ಲಕ್ಕೂ ಒಂದೇ ನಿಧಾನ, ಪ್ರಮಾಣ ಬೇಕಾದರೆ ಅಂಕಿ ಓದಬೇಕು.

ಹೀಗೆಂದು ಆ್ಯನಿಮೇಷನ್ನೇ ಬೇಡ, ಪರದೆಯೆಲ್ಲ ಬೂದು ಇರಲಿ ಎನ್ನುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ಇವ್ಯಾಪರೇಟರ್ ಪೈಪುಗಳಿಗೆ ಕಟ್ಟಿದ ಗಟ್ಟಿ ಪದರ (ಸ್ಕೇಲ್) ತೆಗೆಯಲು ಕಾಸ್ಟಿಕ್ ಸೋಡಾ ಕುದಿಸುವ ದಿನ ವಾಲ್ವುಗಳ ದಾರಿಯೇ ಬದಲಾಗುತ್ತದೆ. ಇವ್ಯಾಪರೇಟರಿನ ಒಂದು ಬಾಡಿ (ಪಾತ್ರೆ) ಬೈಪಾಸು, ಇನ್ನೊಂದಕ್ಕೆ ಕಾಸ್ಟಿಕ್. ಆಗ ಯಾವ ದಾರಿ ತೆರೆದಿದೆ ಎಂದು ಪೈಪು ಓಡಿ ತೋರಿಸಿದಷ್ಟು ಬೇಗ ಬೇರೆ ಯಾವುದೂ ತೋರಿಸದು. ಹೊಸದಾಗಿ ಸೇರಿದ ಐಟಿಐ ಹುಡುಗರು ಆ ಒಂದು ಪರದೆ ನೋಡಿ ಎರಡೇ ದಿನದಲ್ಲಿ ಲೈನು ಕಲಿತರು. ಕ್ಲೀನಿಂಗ್ ಪರದೆಯಲ್ಲಿ ಆ್ಯನಿಮೇಷನ್ ಹಾಗೇ ಇಟ್ಟಿದ್ದೇನೆ, ಅಲ್ಲೂ ವಾಲ್ವು ನಿಜಕ್ಕೂ ತೆರೆದಿದೆಯೇ ಎಂದು ಹೇಳುವ ಲಿಮಿಟ್ ಸ್ವಿಚ್ಚಿಗೆ ಕಟ್ಟಿ.

ಕೊಳ್ಳುವವರಿಗೆ ಒಂದು ಮಾತು. ಡೆಮೊಗೆ ಬಂದವರ ಮುಂದೆ ಕೇಬಲ್ ಕಿತ್ತು ಪೈಪು ಏನು ಮಾಡುತ್ತದೆ ನೋಡಿ. ನಮ್ಮಷ್ಟೇ ಬಜೆಟ್ ಇದ್ದು, ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಒಬ್ಬರಾದರೂ ನಿಮ್ಮಲ್ಲಿದ್ದರೆ ಈ ತಂತ್ರಾಂಶ ತೆಗೆದುಕೊಳ್ಳಬಹುದು, ಐದಕ್ಕೆ ಮೂರು ಕೊಡುತ್ತೇನೆ. ಇಲ್ಲದಿದ್ದರೆ ಬೇಡ. ನಮ್ಮಲ್ಲಿ ಇನ್ನೂ ಏಳು ಲೈನುಗಳಿಗೆ ಮೀಟರ್ ಇಲ್ಲ. ಆ ಏಳು ಪೈಪುಗಳನ್ನು ಗೆರೆಯಿಲ್ಲದೆ ಬೂದು ಬಣ್ಣದಲ್ಲೇ ಬಿಟ್ಟಿದ್ದೇನೆ. ಅವುಗಳ ಹತ್ತಿರ ಕಾಕಾ ತಾಸಿಗೊಮ್ಮೆ ಬ್ಯಾಟರಿ ಹಿಡಿದು ಹೋಗಿ ಬರುತ್ತಾರೆ.