ಪೊಸೆಷನ್: ಸಿನಿಮಾ ನೋಡೋದಾ, ಕಾದಂಬರಿ ಓದೋದಾ?

ಎರಡು ಕಾಲದ ಎರಡು ಪ್ರೇಮಕಥೆಗಳನ್ನು ಒಂದೇ ಸಿನಿಮಾದಲ್ಲಿ ಹೇಳುವುದು ಕಷ್ಟ. ಒಂದು ಜೋಡಿ ಗೆದ್ದರೆ ಇನ್ನೊಂದು ಬಡವಾಗುತ್ತದೆ. ನೀಲ್ ಲಬ್ಯೂಟ್ ನಿರ್ದೇಶಿಸಿದ 2002ರ ‘ಪೊಸೆಷನ್’ನಲ್ಲಿ ಆಗಿರುವುದು ಇದೇ. ಸಿನಿಮಾ ನೋಡಿದ ಮೇಲೆ ಎ. ಎಸ್. ಬಯಟ್ ಅವರ ಮೂಲ ಕಾದಂಬರಿ ಓದಿದೆ. ಇದೇ ಜಾತಿಯ ಇನ್ನೊಂದು ಸಿನಿಮಾ, 1981ರ ‘ದ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್’ ಕೂಡ ನೋಡಿದೆ. ಮೂರರಲ್ಲಿ ಯಾವುದಕ್ಕೆ ಸಮಯ ಕೊಡೋದು ಅನ್ನುವವರಿಗಾಗಿ ಬರೆಯುತ್ತಿದ್ದೇನೆ. ಕಥೆಯ ಕೆಲವು ಗುಟ್ಟು ರಟ್ಟಾಗುತ್ತವೆ, ಕೊನೆಯ ಗುಟ್ಟು ಮಾತ್ರ ಹೇಳಲ್ಲ.

ಕಥೆ ಇಷ್ಟು. ರೋಲಂಡ್ ಮಿಚೆಲ್ ಅನ್ನುವ ಸಂಶೋಧಕನಿಗೆ ಲಂಡನ್ನಿನ ಒಂದು ಲೈಬ್ರರಿಯ ಹಳೆಯ ಪುಸ್ತಕದಲ್ಲಿ ಪತ್ರದ ಕರಡು ಸಿಗುತ್ತದೆ. ಬರೆದವನು ರಾಂಡಾಲ್ಫ್ ಹೆನ್ರಿ ಆ್ಯಶ್, ವಿಕ್ಟೋರಿಯಾ ಕಾಲದ ದೊಡ್ಡ ಕವಿ, ಹೆಂಡತಿಗೆ ನಿಷ್ಠನಾಗಿದ್ದವನೆಂದು ಹೆಸರಾದವನು. ಪತ್ರ ಮಾತ್ರ ಬೇರೆ ಹೆಂಗಸಿಗೆ. ಅವಳು ಕ್ರಿಸ್ಟಬೆಲ್ ಲಮೋಟ್ ಅನ್ನುವ ಕವಯಿತ್ರಿ ಇರಬಹುದು ಅನ್ನಿಸಿ, ಆಕೆಯ ಬಗ್ಗೆ ತಿಳಿದ ಸಂಶೋಧಕಿ ಮಾಡ್ ಬೇಯ್ಲಿಯ ಹತ್ತಿರ ಹೋಗುತ್ತಾನೆ. ಇಬ್ಬರೂ ಸೇರಿ ಹುಡುಕಲು ಹೊರಡುತ್ತಾರೆ. ಆ್ಯಶ್, ಲಮೋಟ್ ಇಬ್ಬರೂ ಕಾಲ್ಪನಿಕ ಕವಿಗಳು. ಅವನಲ್ಲಿ ಆ ಕಾಲದ ನಿಜವಾದ ಕವಿ ರಾಬರ್ಟ್ ಬ್ರೌನಿಂಗ್ ನೆರಳಿದೆ. ಅವಳಲ್ಲಿ ಕವಯಿತ್ರಿಯರಾದ ಕ್ರಿಸ್ಟಿನಾ ರೊಸೆಟ್ಟಿ, ಎಮಿಲಿ ಡಿಕಿನ್ಸನ್ ಇಬ್ಬರ ನೆರಳೂ ಇದೆ.

ಸಿನಿಮಾದಲ್ಲಿ ಹಳೆಯ ಜೋಡಿಯೇ ಗೆಲ್ಲುವುದು. ಆ್ಯಶ್ ಪಾತ್ರದ ಜೆರೆಮಿ ನಾರ್ತಮ್ ಮತ್ತು ಕ್ರಿಸ್ಟಬೆಲ್ ಪಾತ್ರದ ಜೆನಿಫರ್ ಈಲಿ ಎದುರುಬದುರು ಕೂತರೆ ಸಾಕು, ಮಾತೇ ಬೇಡ. (ನಾರ್ತಮ್ ಮತ್ತು ಮಾಡ್ ಪಾತ್ರದ ಗ್ವಿನೆತ್ ಪಾಲ್ಟ್ರೊ 1996ರ ‘ಎಮ್ಮಾ’ದಲ್ಲಿ ಜೋಡಿಯಾಗಿದ್ದವರು. ಇಲ್ಲಿ ಅವರ ನಡುವೆ ನೂರು ವರ್ಷಕ್ಕೂ ಜಾಸ್ತಿ ಅಂತರ!) ಕಾಲ ಬದಲಾಗುವ ದೃಶ್ಯಗಳೂ ಚೆನ್ನಾಗಿವೆ. ಇವತ್ತಿನವರು ನಿಂತ ಜಾಗದಲ್ಲೇ ಅಂದಿನವರು ಕಾಣಿಸಿಕೊಳ್ಳುತ್ತಾರೆ.

ಆದರೆ ಸಿನಿಮಾ ಸೋಲುವುದೂ ಇಲ್ಲೇ ಅಂತ ಕಾದಂಬರಿ ಓದಿದ ಮೇಲೆ ಗೊತ್ತಾಯಿತು. ಕಾದಂಬರಿಯಲ್ಲಿ ನಮಗೆ ಗೊತ್ತಾಗುವುದೆಲ್ಲ ಕಾಗದದ ಮೂಲಕ. ಪತ್ರ, ಡೈರಿ, ಪದ್ಯ. ಸಂಶೋಧಕರಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ. ಬರೀ ಮೂರು ಕಡೆ ಬಯಟ್ ಪರದೆ ಸರಿಸಿ, ಯಾವ ದಾಖಲೆಯಲ್ಲೂ ಇಲ್ಲದ್ದನ್ನು ಓದುಗರಿಗಷ್ಟೇ ತೋರಿಸುತ್ತಾರೆ. ಅದಕ್ಕೇ ಆ ಪುಟಗಳು ಅಷ್ಟು ಜೋರಾಗಿ ತಾಗುತ್ತವೆ. ಸಿನಿಮಾ ಆ ಪರದೆಯನ್ನು ಮೊದಲಿಗೇ ಕಿತ್ತುಹಾಕಿದೆ. ಆ್ಯಶ್–ಕ್ರಿಸ್ಟಬೆಲ್ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಹೋದದ್ದನ್ನು ನಾವು ಕಣ್ಣಾರೆ ನೋಡಿಯಾಗಿರುತ್ತದೆ. ಆಮೇಲೆ ರೋಲಂಡ್ ಅದನ್ನು ಪತ್ತೆಹಚ್ಚಿ ಖುಷಿಪಟ್ಟರೆ ನಮಗೇನು?

ಪದ್ಯಗಳ ಗತಿಯೂ ಹಾಗೆಯೇ. ಕಾದಂಬರಿಯಲ್ಲಿ ಇಬ್ಬರು ಕವಿಗಳ ಪದ್ಯಗಳನ್ನೂ ಬಯಟ್ ಅವರೇ ಬರೆದಿದ್ದಾರೆ, ಪುಟಗಟ್ಟಲೆ. ಅಲಂಕಾರಕ್ಕೆ ಅಂದುಕೊಂಡು ದಾಟಿಸಬೇಡಿ, ಅವು ಸಾಕ್ಷಿಗಳು. ಕ್ರಿಸ್ಟಬೆಲ್‌ಳ ದೀರ್ಘ ಕಾವ್ಯದಲ್ಲಿ ಯಾರ್ಕ್‌ಷೈರಿನ ನೆಲದ ಗುರುತು ಸಿಕ್ಕಿದ್ದರಿಂದಲೇ ಅವಳೂ ಅಲ್ಲಿಗೆ ಹೋಗಿದ್ದಳೆಂಬ ಅನುಮಾನ ಗಟ್ಟಿಯಾಗುವುದು. ಸಿನಿಮಾದಲ್ಲಿ ಪದ್ಯ ಉಳಿದದ್ದು ತುಣುಕು ತುಣುಕಾಗಿ. ಕ್ರಿಸ್ಟಬೆಲ್ ಬರೆದ ಗೊಂಬೆಯ ಪದ್ಯದ ಸುಳಿವು ಹಿಡಿದು ಹಳೆಯ ಬಂಗಲೆಯಲ್ಲಿ ಪತ್ರದ ಕಟ್ಟು ಹುಡುಕುವ ದೃಶ್ಯ ಮಾತ್ರ ಅಲ್ಲೂ ಚೆನ್ನಾಗಿದೆ. ಹಾಗಂತ ಕಾದಂಬರಿ ಸಲೀಸಲ್ಲ. ಐನೂರು ಪುಟ. ಆ್ಯಶ್‌ನ ಕೆಲವು ಪದ್ಯಗಳು ನನಗೂ ಆಕಳಿಕೆ ತರಿಸಿದವು.

ಇನ್ನು ರೋಲಂಡ್. ಪುಸ್ತಕದ ರೋಲಂಡ್ ಕೈಯಲ್ಲಿ ಕಾಸಿಲ್ಲದ, ಸಂಕೋಚದ ಇಂಗ್ಲಿಷ್ ಹುಡುಗ. ಬೆಕ್ಕಿನ ಉಚ್ಚೆ ನಾರುವ ನೆಲಮಾಳಿಗೆಯ ಮನೆ, ಜೊತೆಗೆ ವ್ಯಾಲ್ ಅನ್ನುವ ಗೆಳತಿ, ಹಳಸಿದ ಸಂಬಂಧ. ಸಿನಿಮಾದಲ್ಲಿ ಅವನು ಅಮೆರಿಕದವನು, ಗಡ್ಡ ಕುರುಚಲು, ಮೈಕಟ್ಟು ಜೋರು. ಆ್ಯರನ್ ಎಕ್‌ಹಾರ್ಟ್ ಕೆಟ್ಟ ನಟರೇನಲ್ಲ, ಆದರೆ ಈ ರೋಲಂಡ್‌ಗೆ ಹೆದರಿಕೆ ಯಾಕೆ ಅಂತ ಗೊತ್ತಾಗುವುದೇ ಇಲ್ಲ. ಪುಸ್ತಕದಲ್ಲಿ ಅವನೂ ಮಾಡ್‌ಳೂ ಪ್ರೀತಿಯ ಬಗ್ಗೆ ಎಷ್ಟೊಂದು ಥಿಯರಿ ಓದಿದ್ದಾರೆಂದರೆ, ಪ್ರೀತಿಸುವುದಕ್ಕೇ ಅಂಜುತ್ತಾರೆ. ಇಬ್ಬರಿಗೂ ಒಂದೇ ಆಸೆ: ಬೇರೆ ಯಾರೂ ಇಲ್ಲದ, ಖಾಲಿ, ಬಿಳಿ ಹಾಸಿಗೆ. ಸಿನಿಮಾದಲ್ಲಿ ಆ ಹಿಂಜರಿಕೆ ಉಳಿದಿದೆ, ಕಾರಣ ಬಿದ್ದುಹೋಗಿದೆ. ಅವನು ಹಿಂದೆ ಸರಿದಾಗ ‘ಯಾಕಪ್ಪಾ?’ ಅನ್ನಿಸುತ್ತದೆ.

ಆ್ಯಶ್‌ನ ಹೆಂಡತಿ ಎಲೆನ್ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಜಾಸ್ತಿ. ಪುಸ್ತಕದ ಎಲೆನ್ ಡೈರಿ ಇಡುವುದೇ ಮುಂದೆ ಬಂದು ಕೆದಕುವವರ ಕಣ್ಣು ತಪ್ಪಿಸುವುದಕ್ಕೆ. ಅವಳಿಗೆ ಎಲ್ಲ ಗೊತ್ತು. ಏನು ಸುಡಬೇಕು, ಏನು ಹೂಳಬೇಕು ಅಂತ ಅವಳೇ ತೀರ್ಮಾನಿಸುತ್ತಾಳೆ. ಇಡೀ ಕಾದಂಬರಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಅಧ್ಯಾಯ ಅವಳದ್ದು. ಸಿನಿಮಾ ಅವಳಿಗೆ ಕೊಟ್ಟ ಜಾಗ ತೀರಾ ಕಡಿಮೆ.

ಈಗ ಮೂರನೆಯದು, ‘ದ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್’. ಜಾನ್ ಫೌಲ್ಸ್ ಅವರ 1969ರ ಕಾದಂಬರಿಯನ್ನು ಕಾರೆಲ್ ರೈಸ್ ಸಿನಿಮಾ ಮಾಡಿದರು, ಚಿತ್ರಕಥೆ ಹೆರಾಲ್ಡ್ ಪಿಂಟರ್ ಅವರದ್ದು. ಇದರಲ್ಲಿ ಕವಿಗಳಿಲ್ಲ, ಸಂಶೋಧಕರೂ ಇಲ್ಲ. ಮೂಲ ಕಾದಂಬರಿ 1867ರ ಕಥೆಯನ್ನು ಇಪ್ಪತ್ತನೇ ಶತಮಾನದ ನಿರೂಪಕನ ಬಾಯಲ್ಲಿ ಹೇಳಿ, ಒಂದಕ್ಕಿಂತ ಹೆಚ್ಚು ಮುಕ್ತಾಯ ಕೊಡುತ್ತದೆ. ಇದನ್ನು ತೆರೆಗೆ ತರುವುದು ಹೇಗೆ? ಪಿಂಟರ್ ನಿರೂಪಕನನ್ನೇ ತೆಗೆದುಹಾಕಿದರು. ಅವನ ಬದಲು, ಆ ವಿಕ್ಟೋರಿಯಾ ಕಾಲದ ಕಥೆಯ ಶೂಟಿಂಗಿಗೆ ಬಂದ ಇಬ್ಬರು ನಟರ ಕಥೆ ಹೆಣೆದರು. ಮೆರಿಲ್ ಸ್ಟ್ರೀಪ್ ಮತ್ತು ಜೆರೆಮಿ ಐರನ್ಸ್ ಎರಡೂ ಕಾಲಗಳಲ್ಲಿ ಇರುತ್ತಾರೆ. ಒಂದು ಮುಕ್ತಾಯ ಆ ಕಾಲಕ್ಕೆ, ಇನ್ನೊಂದು ಈ ಕಾಲಕ್ಕೆ.

‘ಪೊಸೆಷನ್’ ಸಿನಿಮಾಕ್ಕೆ ಇಲ್ಲದ್ದು ಈ ಧೈರ್ಯ. ಅದು ಕಾದಂಬರಿಯ ಘಟನೆಗಳನ್ನು ಉಳಿಸಿಕೊಂಡು ಉಪಾಯವನ್ನು ಕೈಬಿಟ್ಟಿತು. ಪಿಂಟರ್ ಉಪಾಯಕ್ಕೆ ಬದಲಾಗಿ ಇನ್ನೊಂದು ಉಪಾಯ ಹುಡುಕಿದರು. ಐರನ್ಸ್ ಮಾಡಿದ ನಟನಿಗೆ ಎದುರಿಗಿರುವವಳು ನಟಿಯೋ, ಅವಳ ಪಾತ್ರವೋ ಅನ್ನುವ ಗೊಂದಲ ನಿಧಾನಕ್ಕೆ ಹತ್ತುತ್ತದೆ. ಹಾಗಾಗಿ ಇವತ್ತಿನ ಜೋಡಿಗೂ ಸ್ವಂತ ಸಂಕಟವಿದೆ. ಆದರೆ ಇದು ಬೆಚ್ಚಗಿನ ಸಿನಿಮಾ ಅಲ್ಲ. ಇಂಗ್ಲೆಂಡಿನ ಕಡಲೂರು ಲೈಮ್ ರೀಜಿಸ್‌ನ ಕಲ್ಲುಕಟ್ಟೆಯ ತುದಿಯಲ್ಲಿ ಕಪ್ಪು ಮುಸುಕು ಹೊದ್ದ ಸ್ಟ್ರೀಪ್ ಮರೆಯಲಾಗದವಳು, ಹತ್ತಿರದವಳಲ್ಲ. ಈಲಿಯ ಕ್ರಿಸ್ಟಬೆಲ್ ಹತ್ತಿರ ಬರುತ್ತಾಳೆ.

ಒಂದೇ ಸಂಜೆ ಬಿಡುವಿದ್ದು, ಎರಡು ಕಾಲ ಕೂಡುವ ಚಂದ ಬೇಕಿದ್ದರೆ ನಾನು 1981ರ ಸಿನಿಮಾ ಹಾಕಿ ಅನ್ನುತ್ತೇನೆ. ಸುಮ್ನೆ ಒಂದು ಪ್ರೇಮಕಥೆ ಸಾಕು ಅನ್ನುವವರಿಗೆ ‘ಪೊಸೆಷನ್’ ಸಿನಿಮಾ ಧಾರಾಳ. ಎರಡು ಗಂಟೆಯೊಳಗೆ ಮುಗಿಯುತ್ತದೆ, ಬೇಜಾರಾಗುವುದಿಲ್ಲ. ಆದರೆ ಕಾದಂಬರಿ ಓದುವ ಯೋಚನೆ ಇದ್ದರೆ ಸಿನಿಮಾ ಆಮೇಲೆ ನೋಡಿ, ಇಲ್ಲದಿದ್ದರೆ ಪತ್ತೇದಾರಿಯ ರುಚಿಯೇ ಹೋಗುತ್ತದೆ. ಓದುವುದಾದರೆ ಅಚ್ಚಿನ ಪ್ರತಿಯೇ ಇರಲಿ. ಮೊಬೈಲ್ ಪರದೆಯಲ್ಲಿ ಪದ್ಯದ ಸಾಲುಗಳು ಎಲ್ಲೆಂದರಲ್ಲಿ ಮುರಿದುಹೋಗುತ್ತವೆ. ಕ್ರಿಸ್ಟಬೆಲ್ ಪತ್ರಗಳ ತುಂಬ ಅಡ್ಡಗೆರೆಗಳು (ಡ್ಯಾಶ್) ಬೇರೆ. ಎಲ್ಲಿ ತಡೆದಳು, ಎಲ್ಲಿ ಮಾತು ನುಂಗಿದಳು ಅಂತ ಹಿಂದಕ್ಕೆ ತಿರುಗಿಸಿ ನೋಡುತ್ತಲೇ ಇರಬೇಕಾಗುತ್ತದೆ.