ಒಂದೇ ಸಾಲು, ಮೂರು ಸೀಕ್ವೆನ್ಸರ್: ಆರು ತಿಂಗಳ ಹೋಲಿಕೆ

ಎಪ್ಪತ್ತರ ದಶಕದ ಬರ್ಲಿನ್ ಶೈಲಿಯ ಎಲೆಕ್ಟ್ರಾನಿಕ್ ಸಂಗೀತ (ಪುಟ್ಟ ಸ್ವರಸಾಲೊಂದು ಮತ್ತೆ ಮತ್ತೆ ಸುತ್ತುತ್ತಾ ಮೆಲ್ಲಗೆ ಬದಲಾಗುವಂಥದ್ದು) ಮಾಡಬೇಕು ಅಂತ ಹೊರಟವರು ಮೊದಲು ವಿಚಾರಿಸುವುದು ಸಿಂಥ್, ಅಂದರೆ ದನಿ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ, ಯಾವುದು ಅಂತ. ನಾನೂ ಅಲ್ಲಿಂದಲೇ ಶುರುಮಾಡಿದೆ. ಆರು ತಿಂಗಳು ಮೂರು ಸೆಟಪ್‌ಗಳಲ್ಲಿ ಸ್ವರಗಳ ಒಂದೇ ಸಾಲನ್ನು ಓಡಿಸಿ ನೋಡಿದ ಮೇಲೆ, ಈಗ ಯಾರಾದರೂ ಕೇಳಿದರೆ ಮೊದಲು ಸೀಕ್ವೆನ್ಸರ್, ಅಂದರೆ ಸ್ವರಗಳ ಸಾಲನ್ನು ತಾನಾಗಿ ಮತ್ತೆ ಮತ್ತೆ ಓಡಿಸುವ ಸಾಧನ, ಆರಿಸಿಕೊಳ್ಳಿ ಅಂತಲೇ ಹೇಳುತ್ತೇನೆ.

ಸಾಲು ತೀರಾ ಸರಳ: ಸ ಸ ಗ ಸ ಪ ಸ ನಿ ಸ. ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ನಿಮಿಷಕ್ಕೆ 120 ಬೀಟ್, ಬೀಟಿಗೆ ನಾಲ್ಕು ಸ್ಟೆಪ್, ಸ್ಟೆಪ್ಪಿಗೆ ಒಂದು ಸ್ವರ. ಎಂಟು ಸ್ಟೆಪ್ ಮುಗಿಯುವುದಕ್ಕೆ ಸರಿಯಾಗಿ ಒಂದು ಸೆಕೆಂಡು. ಇದರ ಮೇಲೆ 375 ಮಿಲಿಸೆಕೆಂಡ್ ಡಿಲೇ, ಅಂದರೆ ಮೂರು ಸ್ಟೆಪ್ ಹಿಂದಿನ ಸ್ವರ ಈಗಿನ ಸ್ವರದ ಜೊತೆಗೆ ಬಂದು ಸೇರುತ್ತದೆ. ಗಾಂಧಾರ ನುಡಿದು ಮೂರು ಸ್ಟೆಪ್ ಆದಮೇಲೆ, ಷಡ್ಜದ ಮೈಮೇಲೆ ಅದರ ನೆರಳು ಬೀಳುತ್ತದೆ. ಎಂಟೇ ಸ್ವರಗಳು ತುಂಬು ಹೊಳೆಯ ಹಾಗೆ ಕೇಳಿಸುವ ಗುಟ್ಟು ಅರ್ಧ ಇಲ್ಲಿದೆ. ಮೂರೂ ಸೆಟಪ್‌ಗೂ ಇದೇ ಡಿಲೇ ಇಟ್ಟೆ. ಪ್ರತಿಯೊಂದರಲ್ಲೂ ಹದಿನೈದು ನಿಮಿಷದ ಒಂದು ಟೇಕ್, ನಡುವೆ ನಿಲ್ಲಿಸುವಂತಿಲ್ಲ.

ಮೊದಲನೆಯದರಲ್ಲಿ ಕಾರ್ಗ್ ಎಸ್‌ಕ್ಯೂ-1 ಸೀಕ್ವೆನ್ಸರಿನಿಂದ ಎರಡು ಪ್ಯಾಚ್ ಕೇಬಲ್ ಎಳೆದು ಮೂಗ್ ಮದರ್-32 ಎಂಬ ಅನಲಾಗ್ ಸಿಂಥಿಗೆ ಕೊಟ್ಟೆ: ಒಂದು ಸ್ವರಕ್ಕೆ, ಇನ್ನೊಂದು ಗೇಟಿಗೆ (ಸ್ವರ ಯಾವಾಗ ಶುರುವಾಗಬೇಕು, ನಿಲ್ಲಬೇಕು ಅನ್ನುವ ಸಂಕೇತ). ಎರಡನೆಯದರಲ್ಲಿ ಅದೇ ಮದರ್-32, ಆದರೆ ಅದರೊಳಗೇ ಇರುವ 32 ಸ್ಟೆಪ್ಪಿನ ಸೀಕ್ವೆನ್ಸರ್. ಹೀಗಾಗಿ ಮೊದಲೆರಡರಲ್ಲಿ ದನಿ ಒಂದೇ, ಓಡಿಸುವ ಕೈ ಮಾತ್ರ ಬೇರೆ. ಮೂರನೆಯದು ಪೂರ್ತಿ ಕಂಪ್ಯೂಟರಿನಲ್ಲಿ: ಮಾಡ್ಯೂಲ್ ಎಂಬ ಬಿಡಿ ಭಾಗಗಳನ್ನು ತೆರೆಯ ಮೇಲೆ ಜೋಡಿಸಿ ಸಿಂಥ್ ಕಟ್ಟುವ, ಉಚಿತವಾಗಿ ಸಿಗುವ ಸಾಫ್ಟ್‌ವೇರ್ ವಿಸಿವಿ ರ‍್ಯಾಕ್.

ಎಸ್‌ಕ್ಯೂ-1ರಲ್ಲಿ ಎಂಟೆಂಟರ ಎರಡು ಸಾಲು ನಾಬ್‌ಗಳಿವೆ. ಯಾವ ನಾಬಿನ ಪಕ್ಕದಲ್ಲೂ ಸ್ವರದ ಹೆಸರಿಲ್ಲ, ಕಿವಿಯಿಂದಲೇ ಕೂರಿಸಬೇಕು. ಇಲ್ಲಿ ಮೊದಲ ವಾರ ನಾನು ಪಟ್ಟ ಕಷ್ಟವನ್ನು ಹೇಳಲೇಬೇಕು, ಯಾಕೆಂದರೆ ಅದಕ್ಕೆ ಪರಿಹಾರ ಸುಲಭ. ಸ್ವರವನ್ನು ವೋಲ್ಟೇಜಿನಿಂದ ಹೇಳುವ ಈ ಪದ್ಧತಿಯಲ್ಲಿ ಒಂದು ವೋಲ್ಟ್ ಅಂದರೆ ಒಂದು ಸ್ಥಾಯಿ, ಅರ್ಧಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ನಾಬ್ ಸುಮಾರು 300 ಡಿಗ್ರಿ ತಿರುಗುತ್ತದೆ ಅಂತಿಟ್ಟುಕೊಳ್ಳಿ. ವ್ಯಾಪ್ತಿ 5 ವೋಲ್ಟ್ ಇದ್ದರೆ ಅಷ್ಟರಲ್ಲಿ 60 ಅರ್ಧಸ್ವರ ತುಂಬಿಕೊಂಡಿರುತ್ತವೆ, ಒಂದಕ್ಕೆ ಐದೇ ಡಿಗ್ರಿ. ಉಗುರು ತಾಗಿದರೂ ಪಂಚಮ ಧೈವತಕ್ಕೆ ಜಾರುತ್ತದೆ. ವ್ಯಾಪ್ತಿಯನ್ನು 1 ವೋಲ್ಟಿಗೆ ಇಳಿಸಿದ ಕೂಡಲೇ ಒಂದೊಂದು ಸ್ವರಕ್ಕೂ 25 ಡಿಗ್ರಿ ಸಿಕ್ಕಿತು, ಬೆರಳಿಗೆ ನೆಲ ಸಿಕ್ಕಿದ ಹಾಗಾಯಿತು. ಒಂದೇ ಸ್ಥಾಯಿ ಸಾಲದು ಅನ್ನಿಸಬಹುದು, ಆದರೆ ಈ ಬಗೆಯ ಬೇಸ್ ಸಾಲಿಗೆ ಅದು ಧಾರಾಳ.

ಆಮೇಲೆ ಶುರುವಾಯಿತು ನೋಡಿ. ಎಡಗೈ ಫಿಲ್ಟರಿನ ಕಟಾಫ್ (ದನಿ ಎಷ್ಟು ಮಂದ, ಎಷ್ಟು ತೀಕ್ಷ್ಣ ಅನ್ನುವುದನ್ನು ಹೊಂದಿಸುವ ನಾಬ್) ಮೇಲೆ, ಬಲಗೈ ಐದನೇ ನಾಬಿನ ಮೇಲೆ. ಪಂಚಮವನ್ನು ಮೆಲ್ಲಗೆ ಮಧ್ಯಮಕ್ಕೆ ಇಳಿಸುತ್ತಾ ಫಿಲ್ಟರ್ ತೆರೆದರೆ ಸಾಲಿನ ಬಣ್ಣವೇ ಬದಲಾಗುತ್ತದೆ. ಎಂಟನೇ ಸ್ಟೆಪ್ಪನ್ನು ಬಿಟ್ಟುಹೋಗುವಂತೆ ಬಟನ್ ಒತ್ತಿದರೆ ಏಳೇ ಉಳಿಯುತ್ತವೆ. ಸಾಲು ಬೀಟಿನ ಮೇಲಿಂದ ಜಾರತೊಡಗುತ್ತದೆ, ನಾಲ್ಕು ಸುತ್ತು ಅಂದರೆ ಏಳು ಬೀಟ್ ಆದಮೇಲೆ ಮತ್ತೆ ಷಡ್ಜ ಸಮಕ್ಕೆ ಬಂದು ನಿಲ್ಲುತ್ತದೆ. ಆ ಮೂರೂವರೆ ಸೆಕೆಂಡಿನ ಓಲಾಟ ಕೇಳಿದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹಳೆಯ ಮೂಗ್ 960 ಸೀಕ್ವೆನ್ಸರ್ ಇದ್ದದ್ದೂ ಹೀಗೆಯೇ: ಮೂರು ಸಾಲು, ಸಾಲಿಗೆ ಎಂಟು, ಒಟ್ಟು 24 ನಾಬ್, ಪ್ರತಿ ಸ್ಟೆಪ್ಪನ್ನೂ ಬಿಟ್ಟುಹೋಗಲು ಒಂದು ಸ್ವಿಚ್. ಮೆಮೊರಿ ಅನ್ನುವುದೇ ಇಲ್ಲ. ಇಪ್ಪತ್ತು ನಿಮಿಷದ ಹಾಡುಗಳು ಅಷ್ಟರಿಂದಲೇ ಹೇಗೆ ಹುಟ್ಟಿದವು ಅನ್ನುವುದು ಕೈಯಿಟ್ಟಾಗ ತಾನಾಗಿ ಗೊತ್ತಾಗುತ್ತದೆ.

ಮದರ್-32ರ ಒಳಗಿನ ಸೀಕ್ವೆನ್ಸರಿಗೆ ಬಂದರೆ, ಬಲ ಬೇರೆ ಕಡೆ ಇದೆ. ಒಂದು ಸ್ಥಾಯಿಯ 13 ಪುಟ್ಟ ಬಟನ್‌ಗಳೇ ಕೀಬೋರ್ಡ್. ಸ್ವರ ಒತ್ತಿದರೆ ಅದೇ ಸ್ವರ, ಶ್ರುತಿ ಹುಡುಕುವ ಕೆಲಸವಿಲ್ಲ. 64 ಸಾಲುಗಳನ್ನು ಉಳಿಸಿಟ್ಟುಕೊಳ್ಳಬಹುದು. ರ‍್ಯಾಚೆಟ್ ಕೂಡ ಇದೆ: ಒಂದೇ ಸ್ಟೆಪ್ಪಿನ ಕಾಲಾವಧಿಯಲ್ಲಿ ಸ್ವರ ಎರಡು ಮೂರು ಸಲ ಪಟಪಟ ನುಡಿಯುವುದು. ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್ ತಂಡದ ಕ್ರಿಸ್ಟೋಫರ್ ಫ್ರಾಂಕೆ ಕೈಯಲ್ಲಿ ಹೆಸರಾದ ವರಸೆ ಅದು. ಅದೊಂದಕ್ಕಾಗಿ ಇದನ್ನು ಮೆಚ್ಚುತ್ತೇನೆ. ಆದರೆ ಓಡುತ್ತಿರುವಾಗ ಪಂಚಮವನ್ನು ಮಧ್ಯಮ ಮಾಡಬೇಕೆಂದರೆ ಆ ಸ್ಟೆಪ್ಪನ್ನು ಹುಡುಕಿ, ಒತ್ತಿ, ಸ್ವರ ಆರಿಸಬೇಕು. ಅಷ್ಟರಲ್ಲಿ ಸಾಲು ಮೂರು ನಾಲ್ಕು ಸುತ್ತು ಹೊಡೆದಿರುತ್ತದೆ, ಕಿವಿ ಬಯಸಿದ ಗಳಿಗೆ ಕೈತಪ್ಪಿರುತ್ತದೆ. ಈ ಟೇಕಿನಲ್ಲಿ ನಾನು ಹೆಚ್ಚಾಗಿ ಫಿಲ್ಟರನ್ನೇ ಆಡಿಸಿದೆ, ಸ್ವರಗಳನ್ನು ಮುಟ್ಟಿದ್ದು ಎರಡೇ ಸಲ.

ಶ್ರುತಿಯ ವಿಷಯ ಮೊದಲೆರಡಕ್ಕೂ ಸೇರಿದ್ದು. ಅನಲಾಗ್ ಆಸಿಲೇಟರಿನಲ್ಲಿ (ಸಿಂಥಿನೊಳಗೆ ದನಿ ಹುಟ್ಟಿಸುವ ಭಾಗ) ವೋಲ್ಟೇಜನ್ನು ಸ್ವರವಾಗಿಸುವ ಟ್ರಾನ್ಸಿಸ್ಟರ್ ಜೋಡಿಗೆ ಬಿಸಿ ತಾಗಿದರೆ ಲೆಕ್ಕ ಬದಲಾಗುತ್ತದೆ. ತಿದ್ದುವ ಏರ್ಪಾಡು ಇಲ್ಲದಿದ್ದರೆ ಡಿಗ್ರಿ ಸೆಲ್ಸಿಯಸ್ಸಿಗೆ 0.33 ಶೇಕಡಾ, ಅಂದರೆ ಪ್ರತಿ ಸ್ಥಾಯಿಗೆ ಸುಮಾರು 4 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್). ಇದಕ್ಕಾಗಿಯೇ ಬಿಸಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್ ಹಾಕಿ ಸರಿದೂಗಿಸುತ್ತಾರೆ, ಆದರೂ ಅನಲಾಗ್ ಅನಲಾಗೇ. ಟ್ಯಾಂಜರೀನ್ ಡ್ರೀಮ್‌ನ ‘ಫೇಡ್ರಾ’ ಆಲ್ಬಮ್ (1974) ಕೇಳಿದವರಿಗೆ ಗೊತ್ತು, ಶೀರ್ಷಿಕೆಯ ಹಾಡಿನಲ್ಲಿ ಮೂಗ್ ಸಿಂಥ್ ಬಿಸಿಯಾಗುತ್ತಾ ಶ್ರುತಿ ಜಾರಿದ್ದು ಹಾಗೇ ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ನಾನು ಅರ್ಧ ಗಂಟೆ ಮೊದಲೇ ಆನ್ ಮಾಡಿ, ಆಮೇಲೆ ಶ್ರುತಿ ಹಿಡಿಯುತ್ತೇನೆ. ಒಂದೇ ಆಸಿಲೇಟರ್ ಓಡುವಾಗ ಸಣ್ಣ ಜಾರುವಿಕೆ ಸೊಗಸೇ. ಮೇಲೆ ಇನ್ನೊಂದು ವಾದ್ಯ ಸೇರಿದಾಗ ಮಾತ್ರ ಕಿರಿಕಿರಿ.

ವಿಸಿವಿ ರ‍್ಯಾಕ್‌ನಲ್ಲಿ ಆ ಚಿಂತೆಯೇ ಇಲ್ಲ. ಅದರ ಸೆಕ್-3 ಎಂಬ ಸೀಕ್ವೆನ್ಸರ್ ಮಾಡ್ಯೂಲಿನಲ್ಲಿ ಮೂರು ಸಾಲು, ಸಾಲಿಗೆ ಎಂಟು: 960ರ ನಕ್ಷೆಯೇ. ಇನ್ನೊಂದು ಬೇಕೆಂದರೆ ಇನ್ನೊಂದು ಎಳೆದು ಹಾಕಿದರಾಯಿತು. ಸೇವ್ ಮಾಡಿದರೆ ಒಂದೊಂದು ಕೇಬಲ್ಲೂ ಇದ್ದಲ್ಲೇ ಇರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ, ಗೇಟ್ ಅಂದರೇನು, ಎನ್ವಲಪ್ (ಒಂದು ಸ್ವರದ ದನಿ ಏರಿ ಇಳಿಯುವ ಆಕಾರ) ಅಂದರೇನು ಅಂತ ನಾನು ನಿಜವಾಗಿ ಅರ್ಥಮಾಡಿಕೊಂಡದ್ದೇ ಇಲ್ಲಿ. ಅಡ್ಡಿ ಒಂದೇ: ಮೌಸ್. ಒಂದು ಸಲಕ್ಕೆ ಒಂದೇ ನಾಬ್. ಫಿಲ್ಟರ್ ಹಿಡಿದರೆ ಸ್ವರ ಬಿಡಬೇಕು, ಸ್ವರ ಹಿಡಿದರೆ ಫಿಲ್ಟರ್ ಬಿಡಬೇಕು. ಮೇಲಾಗಿ ಹನ್ನೊಂದನೇ ನಿಮಿಷದಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ದನಿ ಚಟಚಟ ಅಂದಿತು, ಮಾಡ್ಯೂಲ್ ಕಡಿಮೆ ಮಾಡಿ ಮತ್ತೆ ಮೊದಲಿನಿಂದ ನುಡಿಸಿದೆ.

ಎರಡು ವಾರ ಬಿಟ್ಟು ಮೂರೂ ಟೇಕುಗಳ ಹೆಸರು ಅಳಿಸಿ, ಹಿಂದುಮುಂದು ಮಾಡಿ ಕೇಳಿದೆ. ದನಿಯಿಂದ ಅನಲಾಗ್ ಯಾವುದು ಅಂತ ಗುರುತಿಸುತ್ತೇನೆ ಎಂಬ ನಂಬಿಕೆಯಿತ್ತು. ಡಿಲೇ, ರಿವರ್ಬ್ ಸೇರಿದ ಮೇಲೆ ಆಗಲಿಲ್ಲ, ಸಾಫ್ಟ್‌ವೇರಿನದನ್ನು ಮದರ್-32 ಅಂದುಕೊಂಡೆ. ನಾಬ್ ಸೀಕ್ವೆನ್ಸರಿನ ಟೇಕನ್ನು ಮಾತ್ರ ಆರನೇ ನಿಮಿಷಕ್ಕೇ ಹಿಡಿದೆ. ಅಲ್ಲಿ ಸಾಲು ಒಂದೊಂದೇ ಸ್ವರ ಕಳಚಿ ಹೊಸದು ತೊಟ್ಟುಕೊಳ್ಳುತ್ತಿತ್ತು. ಉಳಿದೆರಡರಲ್ಲಿ ಬಣ್ಣ ಬದಲಾದರೂ ಸಾಲು ಇದ್ದಲ್ಲೇ ಇತ್ತು.

ಅದಾದ ಮೇಲೆ ನಾಲ್ಕನೆಯದೊಂದು ಪ್ರಯೋಗ ಮಾಡಿದೆ: ಎಸ್‌ಕ್ಯೂ-1ರ ಯುಎಸ್‌ಬಿ ಕೇಬಲನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಮಿಡಿ ಎಂಬ ಡಿಜಿಟಲ್ ಸ್ವರಸಂಕೇತದಿಂದ ವಿಸಿವಿಯ ದನಿಯನ್ನು ಓಡಿಸುವುದು. ಬಲಗೈ ನಾಬುಗಳ ಮೇಲೆ, ಎಡಗೈ ಮೌಸಿನಲ್ಲಿ ಕಟಾಫ್ ಮೇಲೆ. ಮೊದಲ ಸೆಟಪ್ಪಿನ ಮುಕ್ಕಾಲು ಪಾಲು ಸುಖ ಸಿಕ್ಕಿತು, ಶ್ರುತಿಯೂ ಅಲುಗಲಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಅನಲಾಗ್ ಸಿಂಥಿಗೆ ಕಾಯದೆ ಹೀಗೆ ಶುರುಮಾಡಲಿ ಅಂತ ಧೈರ್ಯವಾಗಿ ಹೇಳುತ್ತೇನೆ. ಮೊದಲೇ ಬರೆದಿಟ್ಟುಕೊಂಡ ರಚನೆಯನ್ನು ತಪ್ಪಿಲ್ಲದೆ ಮತ್ತೆ ಮತ್ತೆ ನುಡಿಸಬೇಕಾದವರಿಗೆ ಮಾತ್ರ ಎರಡನೆಯದೇ ಸರಿ.

ನನ್ನ ಮೇಜಿನ ಮೇಲೆ ಈಗ ಅನಲಾಗ್, ಕಂಪ್ಯೂಟರ್ ಎರಡೂ ಇವೆ. ಬೇಸ್ ಮದರ್-32ರದ್ದು, ಮೇಲಿನ ಸಾಲುಗಳು ಕಂಪ್ಯೂಟರಿನವು, ಓಡಿಸುವುದು ನಾಬುಗಳು. ನಾಬ್ ನಿಂತ ಜಾಗವೇ ಸ್ವರವಾದ್ದರಿಂದ, ಒಳ್ಳೆಯ ಸಾಲು ಸಿಕ್ಕ ರಾತ್ರಿ ಮಲಗುವ ಮುಂಚೆ ಹದಿನಾರು ನಾಬುಗಳ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಬೆಳಗ್ಗೆ ಅದನ್ನು ನೋಡಿ ಕೂರಿಸಿದರೆ ಸಾಲು ಹೆಚ್ಚುಕಡಿಮೆ ಅದೇ ಬರುತ್ತದೆ. ಎಲ್ಲೋ ಒಂದು ಸ್ವರ ಮಾತ್ರ ಪಕ್ಕದ ಮನೆಗೆ ಹೋಗಿರುತ್ತದೆ, ಕೆಲವೊಮ್ಮೆ ಅದನ್ನು ಅಲ್ಲಿಯೇ ಬಿಟ್ಟು ಮುಂದುವರಿಯುತ್ತೇನೆ.